ಬೀಗಿತ್ತಿಯರ ಕಷಾಯ

ಬೇಕರಿ,
ಡಿಸೆಂಬರ್ 4

ಬೀಗಿತ್ತಿಯವರಿಗೆ ನಮಸ್ಕಾರಗಳು.

ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡಬೇಕು. ಆದರೆ ನಂಬುವುದು ಹೇಗೆ? ನಿನ್ನೆ ಫೋನಿನಲ್ಲಿ ನನ್ನ ಮಗಳು, "ಎಲ್ರೂ ಚೆನ್ನಾಗಿದೀವಮ್ಮ" ಎನ್ನುತ್ತಿದ್ದಾಗಲೇ ಅವಳ ಹಿಂದೆ ಮೂರು ಜನ ಸೀನಿದರು. ಅಷ್ಟರಲ್ಲಿ ಗುಬ್ಬಿ ಫೋನ್ ಕಿತ್ತುಕೊಂಡು ಎಲ್ಲವನ್ನೂ ಬಾಯಿಬಿಟ್ಟಳು. "ಅಜ್ಜೀ, ಅಪ್ಪಂಗೆ ಶೀತ, ಅಮ್ಮಂಗೆ ಶೀತ, ನಂಗೆ ಶೀತ, ಪಾಪುಗೂ ಶೀತ. ಪಾಪು ಮೂಗಲ್ಲಿ ಗುಳ್ಳೆ ಬರುತ್ತೆ ಗೊತ್ತಾ? ಚೆನ್ನಾಗಿರುತ್ತೆ!" ಆರು ವರ್ಷದ ಹುಡುಗಿಯ ಹತ್ತಿರ ಇರುವಷ್ಟು ಸತ್ಯ ಅವಳಮ್ಮನ ಹತ್ತಿರ ಇಲ್ಲವಲ್ಲ ಅಂದುಕೊಂಡೆ.

ಗುಬ್ಬಿ ಕೊಟ್ಟ ಪಟ್ಟಿಯಲ್ಲಿ ನೀವಿರಲಿಲ್ಲ. ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರ ಹತ್ತಿರ ಸುಳಿಯಲು ಶೀತಕ್ಕೂ ಭಯವಿರಬೇಕು.

ನಾನು ಹೀಗೆ ಪತ್ರ ಬರೆದದ್ದು ನೋಡಿ ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಮಕ್ಕಳ ಮದುವೆಯಾಗಿ ಎಂಟು ವರ್ಷವಾಯಿತು. ಫೋನಿನಲ್ಲಿ ನಮ್ಮಿಬ್ಬರ ಮಾತು "ಊಟ ಆಯ್ತಾ" ಎನ್ನುವುದನ್ನು ದಾಟಿ ಮುಂದೆ ಹೋದದ್ದೇ ಇಲ್ಲ. ಬರೆದರೆ ಸ್ವಲ್ಪ ಧೈರ್ಯ ಬರುತ್ತದೆ.

ಜೊತೆಗೊಂದು ಪಾರ್ಸೆಲ್ ಕಳಿಸಿದ್ದೇನೆ. ದೊಡ್ಡ ಡಬ್ಬಿಯಲ್ಲಿರುವುದು ಒಣಶುಂಠಿ ಮತ್ತು ಕರಿಮೆಣಸು, ನಾನೇ ಕುಟ್ಟಿದ್ದು. ಒಂದು ಲೋಟಕ್ಕೆ ಅರ್ಧ ಚಮಚ ಹಾಕಿ, ನೀರು ಮುಕ್ಕಾಲಿಗೆ ಇಳಿಯುವವರೆಗೆ ಕುದಿಸಿ. ಬಾಟಲಿಯಲ್ಲಿರುವುದು ಜೇನುತುಪ್ಪ, ನಮ್ಮ ಅಂಗಡಿಗೆ ತಂದುಕೊಡುವವನು ಕಣ್ಣೆದುರೇ ಹಿಂಡಿಕೊಟ್ಟದ್ದು. ಪಾಪುವಿಗೆ ಒಂದು ಹನಿ ನಾಲಿಗೆಗೆ ಸವರಿದರೆ ಸಾಕು, ಕೆಮ್ಮು ಓಡಿಹೋಗುತ್ತದೆ. ಬೆಳ್ಳುಳ್ಳಿ ಸುಟ್ಟು ತಿನ್ನಿಸಿ. ಅಳಿಯಂದಿರಿಗೆ ಮಲಗುವಾಗ ಪಾದದ ಕೆಳಗೆ ಈರುಳ್ಳಿ ಹೋಳು ಇಟ್ಟು ಕಾಲುಚೀಲ ಹಾಕಿಸಿ. ನಗಬೇಡಿ. ನಮ್ಮ ಯಜಮಾನರು ಒಲೆಯ ಮುಂದೆ ಬೆವರಿ, ಹಾಗೇ ಗಾಳಿಗೆ ಬಂದು ಪ್ರತಿ ಚಳಿಗಾಲವೂ ಮೂಗು ಕಟ್ಟಿಸಿಕೊಳ್ಳುತ್ತಾರೆ. ಅವರನ್ನು ನಾನು ಈರುಳ್ಳಿಯಿಂದಲೇ ಉಳಿಸಿಕೊಂಡಿದ್ದೇನೆ.

ಮಕ್ಕಳೆಲ್ಲರಿಗೂ ಪಾತ್ರೆಯಲ್ಲಿ ಬಿಸಿನೀರಿಟ್ಟು ಹಬೆ ಕೊಡಿಸಿ. ಹೇಗಿದ್ದಾರೆಂದು ಎರಡು ಸಾಲು ಬರೆಯಿರಿ.

ಇಂತಿ,
ನಿಮ್ಮ ಸೊಸೆಯ ತಾಯಿ


ಮನೆ,
ಡಿಸೆಂಬರ್ 10

ಮಾನ್ಯ ಬೀಗಿತ್ತಿಯವರಿಗೆ ನಮಸ್ಕಾರಗಳು.

ತಮ್ಮ ಪತ್ರ ಮತ್ತು ಪಾರ್ಸೆಲ್ ತಲುಪಿದವು. ತಮ್ಮ ಕಾಳಜಿಗೆ ಕೃತಜ್ಞತೆಗಳು.

ಮಕ್ಕಳಿಗೆ ಬಂದಿರುವುದು ಋತುಮಾನದ ಶೀತಜ್ವರ. ವಿಶ್ರಾಂತಿ, ಸಾಕಷ್ಟು ನೀರು, ಬಿಸಿ ಗಂಜಿ ಮತ್ತು ಒಂದು ವಾರದ ಸಮಯ, ಇಷ್ಟಿದ್ದರೆ ತಾನಾಗಿ ಹೋಗುತ್ತದೆ. ಪಾಪುವಿನ ಮೂಗಿಗೆ ಉಪ್ಪುನೀರಿನ ಹನಿ ಹಾಕುತ್ತಿದ್ದೇನೆ. ಹಾಲು ಕುಡಿಯುತ್ತಿದೆ, ಆಟವಾಡುತ್ತಿದೆ.

ತಾವು ಕಳಿಸಿದ ಜೇನುತುಪ್ಪವನ್ನು ಅಲಮಾರಿನ ಮೇಲಿನ ಖಾನೆಯಲ್ಲಿ, ಯಾರ ಕೈಗೂ ಸಿಗದ ಹಾಗೆ ಎತ್ತಿಟ್ಟಿದ್ದೇನೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕಟ್ಟುನಿಟ್ಟಾಗಿ ನಿಷಿದ್ಧ. ಒಂದು ಹನಿಯೂ ಕೂಡದು. ಹಾಗೆಯೇ ಕುದಿಯುವ ನೀರಿನ ಪಾತ್ರೆಯ ಮುಂದೆ ಚಿಕ್ಕ ಮಕ್ಕಳನ್ನು ಕೂರಿಸುವುದು ಅಪಾಯ. ಸುಟ್ಟುಕೊಂಡು ಬಂದ ಮಕ್ಕಳನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಗುಬ್ಬಿಗೆ ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ಹತ್ತು ನಿಮಿಷ ಜೊತೆಯಲ್ಲಿ ಕೂರುತ್ತೇವೆ. ಅಷ್ಟು ಸಾಕು.

ಈರುಳ್ಳಿಯ ವಿಷಯ. ನನ್ನ ಮಗ ತಮ್ಮ ಮಾತಿನಂತೆ ಹಾಕಿಕೊಂಡು ಮಲಗಿದ. ಬೆಳಿಗ್ಗೆ ತಡವಾಯಿತೆಂದು ಅದೇ ಕಾಲುಚೀಲದಲ್ಲಿ ಬೂಟು ಹಾಕಿಕೊಂಡು ಕೆಲಸಕ್ಕೆ ಹೋದ. ಅವನ ಕೆಲಸ ಗ್ರಂಥಾಲಯದಲ್ಲಿ ಎಂದು ತಮಗೆ ತಿಳಿದೇ ಇದೆ. ಮಧ್ಯಾಹ್ನದ ಹೊತ್ತಿಗೆ ಅವನ ಮೇಜಿನ ಸುತ್ತಲಿನ ಓದುಗರೆಲ್ಲ ಎದ್ದು ಕಿಟಕಿಯ ಕಡೆ ಹೋದರಂತೆ. ಶೀತ ಹೋಗಿಲ್ಲ.

ನಾನು ಆರೋಗ್ಯವಾಗಿದ್ದೇನೆ. ತಾವು ಬೇಕರಿಯ ಕೆಲಸದ ನಡುವೆ ಇಲ್ಲಿಯ ಬಗ್ಗೆ ಚಿಂತಿಸುವ ಅಗತ್ಯವಿಲ್ಲ.

ಇಂತಿ,
ತಮ್ಮ ಅಳಿಯನ ತಾಯಿ


ಬೇಕರಿ,
ಡಿಸೆಂಬರ್ 14

ಬೀಗಿತ್ತಿಯವರಿಗೆ,

ಪತ್ರ ಬಂತು. ಓದಿದೆ. ಇನ್ನೊಂದು ಸಲ ಓದಿದೆ.

ನಾನು ಮೂರು ಮಕ್ಕಳನ್ನು ಸಾಕಿದವಳು. ಅದರಲ್ಲಿ ಒಬ್ಬಳನ್ನು ನಿಮ್ಮ ಮನೆಗೇ ಕೊಟ್ಟಿದ್ದೇನೆ, ಕೈಕಾಲು ನೆಟ್ಟಗಿದೆಯಲ್ಲ? ನನ್ನ ಮೊಮ್ಮಗುವಿಗೆ ನಾನು ವಿಷ ಕಳಿಸಿದ ಹಾಗೆ, ಯಾರ ಕೈಗೂ ಸಿಗದಂತೆ ಎತ್ತಿಟ್ಟಿರಂತೆ. ಒಳ್ಳೆಯದು. ನಾನು ಓದಿದವಳಲ್ಲ. ದೊಡ್ಡ ಆಸ್ಪತ್ರೆಯ ಒಳಗೆ ಹೋದದ್ದೂ ಹೆರಿಗೆಗೆ ಮಾತ್ರ.

ಚಿಂತಿಸುವ ಅಗತ್ಯವಿಲ್ಲ ಎಂದು ಬರೆದಿದ್ದೀರಿ. ಅದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. "ಹೋಗ್ಲಿ ಬಿಡೇ, ಅವ್ರು ಹಂಗೇ. ಮದ್ವೇಲೂ ಊಟಕ್ಕೆ ಕೂರೋ ಮುಂಚೆ ಎಲ್ರ ಕೈ ತೊಳಿಸಿದ್ರು" ಅಂದರು. ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಇನ್ನು ಮುಂದೆ ಬ್ರೆಡ್ ಮಾತ್ರ ಕಳಿಸುತ್ತೇನೆ. ಅದರಲ್ಲಿ ಯಾವ ರೋಗಾಣು ಇದ್ದರೂ ನಮ್ಮ ಒಲೆಯ ಕಾವಿಗೆ ಸತ್ತೇ ಹೋಗಿರುತ್ತದೆ. ನೀವು ನಿಶ್ಚಿಂತೆಯಿಂದ ತಿನ್ನಬಹುದು.

ಗುಬ್ಬಿಗೆ, ಪಾಪುವಿಗೆ ಮುತ್ತು.


ಮನೆ,
ಡಿಸೆಂಬರ್ 28

ಬೀಗಿತ್ತಿಯವರೇ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಮೂರು ಉತ್ತರ ಬರೆದು ಹರಿದೆ. ಮೂರೂ ಆಸ್ಪತ್ರೆಯ ನೋಟಿಸಿನ ಹಾಗಿದ್ದವು. ಇದು ನಾಲ್ಕನೆಯದು, ಹೇಗಿದ್ದರೂ ಅಂಚೆಗೆ ಹಾಕಿಬಿಡುತ್ತೇನೆ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ನಾನು ಆರೋಗ್ಯವಾಗಿದ್ದೇನೆ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಮೂರು ಕಂಬಳಿಗಳ ಕೆಳಗೆ ಕೂತು ಬರೆದೆ. ಈ ಮನೆಗೆ ಶೀತ ತಂದವಳೇ ನಾನು. ನವೆಂಬರ್ ಕೊನೆಯಲ್ಲಿ ನಿವೃತ್ತ ನರ್ಸುಗಳ ಸಭೆಗೆ ಹೋಗಿದ್ದೆ. ಒಂದು ಕೋಣೆಯಲ್ಲಿ ನಲವತ್ತು ಮುದುಕಿಯರು, ಕಿಟಕಿ ಮುಚ್ಚಿತ್ತು. ಊರಿಗೆಲ್ಲ ಕಿಟಕಿ ತೆಗೆಯಿರಿ ಎಂದು ಬುದ್ಧಿ ಹೇಳಿದವರು ನಾವು, ಚಳಿಯೆಂದು ಮುಚ್ಚಿಕೊಂಡು ಕೂತು ಹಾಡು ಹೇಳಿದೆವು! ಮಾರನೆಯ ದಿನ ನಲವತ್ತರಲ್ಲಿ ಮೂವತ್ತು ಜನರಿಗೆ ಜ್ವರ. ಗುಬ್ಬಿ ನಿಮಗೆ ಕೊಟ್ಟ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದಿದ್ದಕ್ಕೆ ಕಾರಣ, ಯಾರಿಗೂ ಹೇಳಬೇಡ ಎಂದು ನಾನು ಅವಳಿಂದ ಮಾತು ತೆಗೆದುಕೊಂಡಿದ್ದೆ. ಎಲ್ಲರಿಗೂ ಕೈ ತೊಳೆಯಿರಿ ಎನ್ನುವವಳೇ ಮನೆಮಂದಿಗೆಲ್ಲ ಅಂಟಿಸಿದಳು ಎಂದರೆ ಮರ್ಯಾದೆ ಉಳಿಯುತ್ತದೆಯೇ?

ಇನ್ನು ಜೇನಿನ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ತಿಂಗಳ ಒಂದು ಕೂಸನ್ನು ವಾರ್ಡಿಗೆ ತಂದರು. ಕುತ್ತಿಗೆ ನಿಲ್ಲುತ್ತಿರಲಿಲ್ಲ, ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಅಳಲೂ ತ್ರಾಣವಿರಲಿಲ್ಲ. ಕೆಮ್ಮಿಗೆಂದು ಅಜ್ಜಿ ಪ್ರೀತಿಯಿಂದ ಜೇನು ನೆಕ್ಕಿಸಿದ್ದರು. ಶುದ್ಧವಾದ ಜೇನೇ. ಆದರೆ ಅದರಲ್ಲಿ ಕೆಲವು ಸಲ ಒಂದು ಬೀಜಾಣು ಇರುತ್ತದೆ, ದೊಡ್ಡವರಿಗೆ ಏನೂ ಮಾಡುವುದಿಲ್ಲ, ಎಳೆಯ ಹೊಟ್ಟೆಯಲ್ಲಿ ಮೊಳೆತು ವಿಷವಾಗುತ್ತದೆ. ಮಗು ಐದು ವಾರ ಯಂತ್ರದಿಂದ ಉಸಿರಾಡಿತು. ಬದುಕಿತು. ಆ ಐದು ವಾರವೂ ಅಜ್ಜಿ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಕಾಫಿ ತಂದುಕೊಟ್ಟರೆ ಲೋಟ ಹಿಡಿದು ಹಾಗೇ ಕೂರುತ್ತಿದ್ದರು, ಅದು ತಣ್ಣಗಾಗುತ್ತಿತ್ತು.

ನೀವು ಆ ಬೆಂಚಿನ ಮೇಲೆ ಕೂರಬಾರದು ಎಂದು ನಾನು ಬರೆಯಬೇಕಿತ್ತು. ಬರೆದದ್ದು "ನಿಷಿದ್ಧ" ಎಂದು. ಕ್ಷಮಿಸಿ.

ಕೊನೆಯದಾಗಿ ಇನ್ನೊಂದು ತಪ್ಪೊಪ್ಪಿಗೆ. ಒಂದು ಮಧ್ಯಾಹ್ನ ಗಂಟಲು ಎಷ್ಟು ಕೆಟ್ಟಿತೆಂದರೆ ನನ್ನ ದನಿ ಹಳೆಯ ಬಾಗಿಲಿನ ಹಾಗಿತ್ತು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಕುರ್ಚಿ ಹತ್ತಿ ಅಲಮಾರಿನ ಮೇಲಿಂದ ನಿಮ್ಮ ಜೇನು ಇಳಿಸಿದೆ. ಶುಂಠಿ-ಮೆಣಸಿನ ಪುಡಿ ಕುದಿಸಿ, ಆರಿಸಿ, ಜೇನು ಹಾಕಿ ಕುಡಿದೆ. ಎರಡು ಲೋಟ. ತಿರುಗಿ ನೋಡಿದರೆ ಬಾಗಿಲಲ್ಲಿ ಗುಬ್ಬಿ.

"ಅಜ್ಜೀ, ಅದು ಬೇಡ ಅಂದಿದ್ರಲ್ಲ ನೀವು?"

"ಪಾಪುಗೆ ಬೇಡ ಅಂದಿದ್ದು ಕಣೇ."

"ಹಂಗಾದ್ರೆ ನಂಗೂ ಒಂದ್ ಲೋಟ."

ಅವಳು ಕುಡಿದು ತುಟಿ ನೆಕ್ಕಿಕೊಂಡಳು. ಅವತ್ತಿನಿಂದ ದಿನಾ ಸಂಜೆ "ಬೇಕರಿ ಅಜ್ಜಿ ಕಷಾಯ" ಎಂದು ಲೋಟ ಬಡಿಯುತ್ತಾಳೆ. ನನ್ನ ಗಂಟಲು ತೆರೆಯಿತು. ಡಬ್ಬಿ ಖಾಲಿಯಾಗುತ್ತಾ ಬಂತು. ಇದನ್ನು ದಯವಿಟ್ಟು ನಿವೃತ್ತ ನರ್ಸುಗಳ ಸಂಘಕ್ಕೆ ತಿಳಿಸಬೇಡಿ.

ನಿಮ್ಮ ಬೀಗಿತ್ತಿ


ಬೇಕರಿ,
ಜನವರಿ 2

ಅಕ್ಕಾ,

ಹೀಗೆ ಕರೆಯಬಹುದಲ್ಲ? ನನಗಿಂತ ನೀವು ನಾಲ್ಕು ವರ್ಷಕ್ಕೆ ದೊಡ್ಡವರು. ನಲವತ್ತು ಮುದುಕಿಯರು ಕಿಟಕಿ ಮುಚ್ಚಿಕೊಂಡು ಹಾಡು ಹೇಳಿದ್ದನ್ನು ಓದಿದ ಮೇಲೆ "ಬೀಗಿತ್ತಿಯವರೇ" ಎಂದು ಬರೆಯಲು ಕೈ ಬರುತ್ತಿಲ್ಲ.

ಪತ್ರವನ್ನು ಗಲ್ಲಾದ ಹಿಂದೆ ನಿಂತು ಓದಿದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ, ಬನ್ನು ಕೊಳ್ಳಲು ಬಂದವರು ನನ್ನನ್ನೇ ನೋಡಿದರು. ಆಮೇಲೆ ಆ ಬೆಂಚಿನ ಅಜ್ಜಿಯ ಭಾಗ ಬಂತು. ಒಳಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತೆ. ನಮ್ಮವರು ಗಾಬರಿಯಾಗಿ, "ಏನಾಯ್ತೇ? ಯಾರಿಗೆ ಏನಾಯ್ತು?" ಅಂದರು. "ಯಾರಿಗೂ ಏನೂ ಆಗ್ಲಿಲ್ಲ ಕಣ್ರೀ, ಅದಕ್ಕೇ ಅಳ್ತಿರೋದು" ಅಂದೆ. ತಲೆ ಕೆರೆದುಕೊಂಡು ಒಲೆ ಹತ್ತಿರ ಹೋದರು.

ನಾನೂ ಒಂದು ಒಪ್ಪಿಕೊಳ್ಳುತ್ತೇನೆ. ಸಿಟ್ಟಿನ ಪತ್ರ ಬರೆದ ಮಾರನೆಯ ದಿನವೇ ಎದುರು ಬೀದಿಯ ಡಾಕ್ಟರು ರಸ್ಕ್ ಕೊಳ್ಳಲು ಬಂದಿದ್ದರು. ನಿಮ್ಮ ಮೇಲೆ ಚಾಡಿ ಹೇಳಿದೆ. ಅವರು ನನ್ನ ಪರ ಮಾತಾಡುತ್ತಾರೆಂದು ಕಾದೆ. ಅವರು ರಸ್ಕಿನ ಪೊಟ್ಟಣ ಕೆಳಗಿಟ್ಟು, "ಅಮ್ಮಾ, ನಿಮ್ಮ ಬೀಗರ ಕಾಲಿಗೆ ಬೀಳಿ" ಅಂದರು. ಎರಡು ವಾರ ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ನೀವೇ ಮೊದಲು ಬರೆದಿರಿ, ದೊಡ್ಡವರು. ನಾವು ಜೇನು ಮಾರುವ ಕಪಾಟಿಗೆ ಈಗ ರಟ್ಟಿನ ಫಲಕ ತೂಗುಹಾಕಿದ್ದೇನೆ: "ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಬೇಡ. ಯಾಕೆ ಅಂತ ಕೇಳಿದರೆ ಹೇಳುತ್ತೇನೆ." ಆಗಲೇ ನಾಲ್ಕು ಜನ ಕೇಳಿದರು. ಬೆಂಚಿನ ಅಜ್ಜಿಯ ಕಥೆ ಹೇಳಿದೆ.

ಪುಡಿ ಇನ್ನೊಂದು ಡಬ್ಬಿ ಕಳಿಸಿದ್ದೇನೆ. ಗುಬ್ಬಿಗೆ ಮೆಣಸು ಕಡಿಮೆ ಮಾಡಿ ಚಿಕ್ಕ ಪೊಟ್ಟಣ ಬೇರೆಯೇ ಕಟ್ಟಿದ್ದೇನೆ. ನಿಮ್ಮ ಉಪ್ಪುನೀರಿನ ಲೆಕ್ಕ ಬರೆದು ಕಳಿಸಿ, ಗಂಟಲು ಮುಕ್ಕಳಿಸಲು ಎಷ್ಟು, ಮೂಗಿಗೆ ಎಷ್ಟು. ಇಲ್ಲಿ ಬೀದಿಗೆ ಬೀದಿಯೇ ಮೂಗು ಸೋರಿಸುತ್ತಿದೆ. ನನಗೂ ಸ್ವಲ್ಪ ಕೆಮ್ಮು, ಒಲೆಯ ಹೊಗೆ ಅಷ್ಟೇ.

ನಿಮ್ಮ ತಂಗಿ


ಮನೆ,
ಜನವರಿ 6

ತಂಗೀ,

ಗಂಟಲು ಮುಕ್ಕಳಿಸಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಮೂಗಿನ ಹನಿಯನ್ನು ಮನೆಯಲ್ಲಿ ಮಾಡಬೇಡಿ. ಔಷಧಿ ಅಂಗಡಿಯಲ್ಲಿ ಚಿಕ್ಕ ಶೀಶೆ ಸಿಗುತ್ತದೆ, ಅದೇ ಒಳ್ಳೆಯದು. ಯಾರಿಗೆ ಹೇಳಿದರೂ ಜೊತೆಗೆ ಇದನ್ನೂ ಹೇಳಿ: ಉಸಿರಾಡುವಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಮಗು ಹಾಲು ಬಿಟ್ಟರೆ, ಮೂರು ದಿನವಾದರೂ ಜ್ವರ ಇಳಿಯದಿದ್ದರೆ, ಕಷಾಯದ ಪಾತ್ರೆ ಕೆಳಗಿಟ್ಟು ಡಾಕ್ಟರ ಬಳಿ ಓಡಬೇಕು.

ಇಲ್ಲಿ ಎಲ್ಲರೂ ಎದ್ದು ಓಡಾಡುತ್ತಿದ್ದಾರೆ. ನಿಮ್ಮ ಮಗಳು ಮತ್ತೆ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಾಳೆ. ಪಾಪು ನಿನ್ನೆ ತಾನೇ ಸೀನಿ, ಆ ಸದ್ದಿಗೆ ತಾನೇ ಬೆಚ್ಚಿ, ಆಮೇಲೆ ಕೇಕೆ ಹಾಕಿ ನಕ್ಕಿತು. ಈಗ ಬೇಕೆಂದೇ ಸೀನುವ ಹಾಗೆ ನಟಿಸುತ್ತದೆ. ನಾವು ನಗದಿದ್ದರೆ ಬಿಡುವುದಿಲ್ಲ.

ಈಗ ನಿಮ್ಮ ವಿಷಯ. "ಸ್ವಲ್ಪ ಕೆಮ್ಮು" ಎಂದಿರಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಜ್ವರ ಒಮ್ಮೆ ಬಿಟ್ಟು ಮತ್ತೆ ಬಂತೇ? ಉಸಿರು ಎಳೆದುಕೊಂಡಾಗ ಎಲ್ಲಾದರೂ ಚುಚ್ಚುತ್ತದೆಯೇ? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆಯಿರಿ. ಕಥೆ ಬೇಡ.

ಅಕ್ಕ


ಬೇಕರಿ,
ಜನವರಿ 9

ಅಕ್ಕಾ,

ಎಲ್ಲಕ್ಕೂ ಇಲ್ಲ.

ನೀವು ಸುಮ್ಮನೆ ಹೆದರುತ್ತೀರಿ. ಕಷಾಯ ದಿನಕ್ಕೆ ಐದು ಸಲ ಕುಡಿಯುತ್ತಿದ್ದೇನೆ, ಈರುಳ್ಳಿಯೂ ಆಯಿತು. ಆಗಲೇ ವಾಸಿಯಾಗಿತ್ತು, ಮೊನ್ನೆಯಿಂದ ಮತ್ತೆ ಸ್ವಲ್ಪ ಮೈ ಬಿಸಿ. ಕೂತು ಬರೆಯುತ್ತಿದ್ದೇನೆ. ಅಂಗಡಿಯಿಂದ ಮೇಲಿನ ಮನೆಗೆ ಮೆಟ್ಟಿಲು ಹದಿನಾಲ್ಕೇ ಇರುವುದು, ಆದರೆ ಈ ವಾರ ಯಾರೋ ಹೆಚ್ಚು ಮಾಡಿದ ಹಾಗಿದೆ. ನಡುವೆ ಎರಡು ಸಲ ನಿಲ್ಲುತ್ತೇನೆ. ಬಲಗಡೆ ಮಲಗಿದರೆ ಆಗುವುದಿಲ್ಲ, ಎಡಗಡೆ ಮಲಗಿದರೆ ಏನೂ ಇಲ್ಲ.

ಪಾಪು ಸೀನಿದ್ದನ್ನು ಇನ್ನೊಂದು ಸಲ ಬರೆಯಿರಿ. ಉದ್ದಕ್ಕೆ ಬರೆಯಿರಿ.

ತಂಗಿ


ಮನೆ,
ಜನವರಿ 13

ತಂಗೀ,

ಮೂರು ಪ್ರಶ್ನೆಗೂ ಇಲ್ಲ ಎಂದು ಬರೆದು, ಅದರ ಕೆಳಗೇ ಮೂರಕ್ಕೂ ಹೌದು ಎಂದು ಬರೆದಿದ್ದೀರಿ. ನಿಮ್ಮ ಅಕ್ಷರ ಕಾಗದದ ಕೆಳಮೂಲೆಗೆ ಜಾರಿಕೊಂಡು ಹೋಗಿದೆ. ಇಷ್ಟು ವರ್ಷ ನಾಡಿ ಹಿಡಿದವಳಿಗೆ ಅಕ್ಷರ ಓದಲು ಬರುವುದಿಲ್ಲವೇ?

ಈಗಷ್ಟೇ ನಿಮ್ಮ ಯಜಮಾನರಿಗೆ ಫೋನ್ ಮಾಡಿದೆ. "ಅವ್ಳು ನಂಗೆ ಹೇಳೇ ಇಲ್ಲ" ಎಂದು ತೊದಲಿದರು. ಇವತ್ತೇ ಎದುರು ಬೀದಿಯ ಡಾಕ್ಟರ ಬಳಿ ಕರೆದೊಯ್ಯಲು ಹೇಳಿದ್ದೇನೆ. ನಾಳೆ ಬೆಳಗಿನ ರೈಲಿಗೆ ನಾನೇ ಹೊರಟಿದ್ದೇನೆ. ಈ ಪತ್ರಕ್ಕಿಂತ ಮೊದಲೇ ತಲುಪುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ನಿಮ್ಮ ಮುಖ ನೋಡಿ ಹೇಳಲು ನನ್ನ ಕೈಲಾಗದು.

ನಿಮ್ಮ ಮೊದಲ ಪಾರ್ಸೆಲ್ ಬಂದ ದಿನ ನಿಮ್ಮ ಮಗಳು ಆ ಡಬ್ಬಿಯ ಮುಚ್ಚಳ ತೆಗೆದು, ಮೂಗು ಕಟ್ಟಿದ್ದರೂ, ಬಹಳ ಹೊತ್ತು ಮೂಸಿದಳು. ಜ್ವರದಲ್ಲಿ ಮೂರು ದಿನದಿಂದ ನಾನು ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೆ, ಗಂಜಿ ಕುಡಿಸಿದ್ದೆ. "ಥ್ಯಾಂಕ್ಸ್ ಅತ್ತೆ" ಎನ್ನುತ್ತಿದ್ದಳು. ಆ ಡಬ್ಬಿ ಮೂಸಿದಾಗ ಅವಳ ಮುಖ ಬೇರೆಯೇ ಆಯಿತು. ಅವಳು ಈ ಮನೆಗೆ ಬಂದ ಮೇಲೆ ನಾನು ನೋಡಿಯೇ ಇರದ ಮುಖ. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೇ ಆ ಪತ್ರ ಅಷ್ಟು ಖಾರವಾಗಿತ್ತು. ಜೇನಿನ ಮಾತು ನಿಜವೇ, ಆದರೆ ಅದನ್ನು ಬರೆಯುವಾಗ ನನಗೆ ಒಳಗೊಳಗೇ ಖುಷಿಯೂ ಆಗಿತ್ತು.

ಈಗ ನನಗೆ ಭಯವಾಗುತ್ತಿದೆ. ದಯವಿಟ್ಟು ಮೆಟ್ಟಿಲು ಹತ್ತಬೇಡಿ.

ಅಕ್ಕ


ಬೇಕರಿ,
ಫೆಬ್ರವರಿ 8

ಅಕ್ಕಾ,

ನೀನು ಹೋಗಿ ನಾಲ್ಕು ದಿನ. ಅಂಗಡಿ ಭಣಗುಡುತ್ತಿದೆ. ಹೌದು, "ನೀನು" ಎಂದೇ ಬರೆಯುತ್ತೇನೆ. ಮೂರು ವಾರ ನನ್ನ ತಲೆ ಬಾಚಿದವಳಿಗೆ ಬಹುವಚನ ಹಚ್ಚಿದರೆ ಅಲರ್ಜಿಯಾದೀತು.

ಮಾತ್ರೆ ಎಲ್ಲ ಮುಗಿಯಿತು. ನಿನ್ನೆ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಬಲಗಡೆ ಶ್ವಾಸಕೋಶ ಈಗ ಸ್ವಚ್ಛವಾಗಿದೆ. ಇನ್ನೊಂದು ವಾರ ತಡ ಮಾಡಿದ್ರೆ ಆಸ್ಪತ್ರೆ ಮಂಚವೇ ಆಗ್ತಿತ್ತು" ಅಂದರು. ಆ ಎಕ್ಸ್‌ರೇಯಲ್ಲಿ ನನ್ನ ಎದೆಯೊಳಗೆ ಬಿಳಿ ಮೋಡ ಕೂತಿದ್ದನ್ನು ನೀನು ಬೆರಳಿಟ್ಟು ತೋರಿಸಿದೆಯಲ್ಲ, ಅವತ್ತು ನನಗೆ ಅರ್ಥವಾಯಿತು. ನನ್ನ ಕಷಾಯ ಒಳ್ಳೆಯದೇ, ಆದರೆ ನ್ಯುಮೋನಿಯಾದ ಮುಂದೆ ಅದು ಬರೀ ಬಿಸಿನೀರು. ಬೀದಿಯವರಿಗೆಲ್ಲ ನೀನು ಬರೆದ "ಯಾವಾಗ ಓಡಬೇಕು" ಓದಿ ಹೇಳಿ, ನಾನೇ ಓಡದೆ ಕೂತಿದ್ದೆ. ಯಾಕೆ ಗೊತ್ತಾ? ಮನೆಮದ್ದಿನ ಅಜ್ಜಿಗೇ ಹುಷಾರಿಲ್ಲ ಅಂದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ ಅಂತ. ನಾವಿಬ್ಬರೂ ಒಂದೇ ಹಿಟ್ಟಿನ ಬನ್ನುಗಳು ಕಣೇ.

ನಿನ್ನ ಪತ್ರ ಬಂದ ದಿನ ನೆನಪಿದೆಯಾ? ನೀನು ಬಂದು ಮೂರು ದಿನವಾಗಿತ್ತು. ಗಲ್ಲಾದ ಹಿಂದೆ ನೀನೇ ನಿಂತಿದ್ದೆ, ಬಂದವರಿಗೆಲ್ಲ "ಕೆಮ್ಮುವಾಗ ಬಾಯಿ ಮುಚ್ಕೊಳ್ಳಿ" ಎಂದು ಗದರಿಸುತ್ತಾ. ಅಂಚೆಯವನು ಲಕೋಟೆ ಕೊಟ್ಟ. ನೀನು ನಿನ್ನದೇ ಅಕ್ಷರ ನೋಡಿ ಕೆಂಪಾದೆ. ಅದನ್ನು ಸೀರೆಯೊಳಗೆ ಬಚ್ಚಿಡಲು ಹೋಗಿ ಹಿಟ್ಟಿನ ಡಬ್ಬದೊಳಗೆ ಬೀಳಿಸಿದೆ. ನಮ್ಮವರು ಅದನ್ನು ಎತ್ತಿ, ಕೊಡವಿ, "ಇದು ನಮ್ಮನೆಯವ್ಳಿಗೆ ಬಂದಿದ್ದಲ್ವಾ ಸಿಸ್ಟರಮ್ಮ?" ಎನ್ನುತ್ತಾ ಮೇಲೆ ತಂದುಕೊಟ್ಟರು. ಹಿಂದೆಯೇ ನೀನು ಹದಿನಾಲ್ಕು ಮೆಟ್ಟಿಲು ಓಡಿ ಬಂದೆ.

"ಅದನ್ನ ಓದ್ಬೇಡ, ಅದು ಹಳೇದಾಯ್ತು."

"ನಾಲ್ಕು ದಿನದ್ದು. ನಮ್ಮ ರಸ್ಕ್ ಇದಕ್ಕಿಂತ ಹಳೇದಿರುತ್ತೆ."

ನಾನು ಓದಿದೆ. ನೀನು ಕಿಟಕಿಯ ಕಡೆ ತಿರುಗಿ ನಿಂತೆ. ಆಗ ಕೆಮ್ಮಿನ ನೆಪ ಮಾಡಿದೆ. ಈಗ ಹೇಳುತ್ತೇನೆ. ನಿನಗೆ ಹೊಟ್ಟೆಕಿಚ್ಚಾದ ಅದೇ ದಿನಗಳಲ್ಲಿ ನನಗೂ ಆಗುತ್ತಿತ್ತು. ನನ್ನ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುವ ಕೈ ನನ್ನದಲ್ಲವಲ್ಲ ಎಂದು. ಆ ಕಿಚ್ಚನ್ನೇ ಡಬ್ಬಿಗೆ ತುಂಬಿ ಕಳಿಸಿದ್ದೆ. ಅದಕ್ಕೇ ಮೆಣಸು ಜಾಸ್ತಿಯಾಗಿತ್ತು.

ಎಲ್ಲರೂ "ಸಿಸ್ಟರಮ್ಮ ಎಲ್ಲಿ" ಎಂದು ಕೇಳುತ್ತಾರೆ. ಗದರಿಸಿಕೊಳ್ಳದೆ ಬನ್ನು ರುಚಿಸುವುದಿಲ್ಲವಂತೆ. ನೀನು ನಾದಿದ ಹಿಟ್ಟು ಮಾತ್ರ ಯಾವತ್ತೂ ಉಬ್ಬಲಿಲ್ಲ, ಅದನ್ನು ಯಾರಿಗೂ ಹೇಳಿಲ್ಲ.

ನಿನ್ನ ತಂಗಿ


ಮನೆ,
ಫೆಬ್ರವರಿ 12

ತಂಗೀ,

ಹಿಟ್ಟು ಉಬ್ಬದಿದ್ದಕ್ಕೆ ನಿನ್ನ ಯಜಮಾನರು ಕೊಟ್ಟ ತಣ್ಣೀರು ಕಾರಣ. ಅದನ್ನು ದಾಖಲೆಗೆ ಬರೆದುಕೊ.

ಒಂದು ವಿಷಯ ಕೇಳಬೇಕು. ನಿನ್ನ ಮನೆಯಲ್ಲಿದ್ದಾಗ ನಿನ್ನ ದಿಂಬಿನ ಚೀಲ ಬದಲಿಸಲು ಹೋದೆ. ಒಳಗೆ ಪಾಪುವಿನ ಫೋಟೋ ಇತ್ತು. ಮೂರು ತಿಂಗಳಿದ್ದಾಗ ತೆಗೆದದ್ದು, ಮೂಲೆಗಳು ಸವೆದಿದ್ದವು. ಇದ್ದ ಹಾಗೇ ಇಟ್ಟೆ. ರೈಲಿನಲ್ಲಿ ಬರುವಾಗ ನಿನ್ನ ಪತ್ರಗಳೆಲ್ಲ ಒಂದೊಂದೇ ನೆನಪಾದವು. ಶುಂಠಿ ಎಂದು ಬರೆದೆ, ಈರುಳ್ಳಿ ಎಂದು ಬರೆದೆ, ಮುತ್ತು ಎಂದು ಬರೆದೆ. "ಮಗುವನ್ನು ನೋಡಬೇಕು" ಎಂದು ಒಂದು ಸಲವೂ ಬರೆಯಲಿಲ್ಲ. ಐದು ತಿಂಗಳಾಯಿತಲ್ಲೇ ನೀನು ಅದನ್ನು ಎತ್ತಿಕೊಂಡು.

ಮನೆಗೆ ಬಂದು ನಿನ್ನ ಮಗಳನ್ನು ಕೇಳಿದೆ, "ನಿಮ್ಮಮ್ಮ ಯಾಕೆ ಬರೋದಿಲ್ಲ?" ಅವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗದೆ, "ನೀವು ಕರೀಲಿ ಅಂತ ಕಾಯ್ತಿದಾರೆ ಅತ್ತೆ. ಬೀಗರ ಮನೆಗೆ ಕರೀದೆ ಹೆಂಗೆ ಬರೋದು ಅಂತಾರೆ" ಅಂದಳು. ನಾನು ಇಷ್ಟು ದಿನ ಏನಂದುಕೊಂಡಿದ್ದೆ ಗೊತ್ತಾ? ನಿನಗೆ ಒಲೆ ಬಿಟ್ಟು ಬರಲು ಪುರುಸೊತ್ತಿಲ್ಲ, ಕರೆದರೆ ಸಂಕೋಚಕ್ಕೆ ಸಿಕ್ಕಿಸಿದಂತಾಗುತ್ತದೆ ಎಂದು. ನೀನು ಕರೆಯಲಿ ಎಂದು ಕೂತೆ, ನಾನು ಕರೆದರೆ ತೊಂದರೆ ಎಂದು ಕೂತೆ. ನಡುವೆ ಆ ಮಗು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಎರಡು ಹಲ್ಲು ಬಂತು.

ನಿನ್ನ ಮಗಳ ಶಾಲೆಯಲ್ಲಿ ತಂದೆತಾಯಿಯರಿಗೆ ಶೀತಜ್ವರದ ಬಗ್ಗೆ ಒಂದು ಗಂಟೆ ಮಾತಾಡಲು ನನ್ನನ್ನು ಕೇಳಿದ್ದಾರೆ, ಇದೇ ತಿಂಗಳ ಇಪ್ಪತ್ತಾರಕ್ಕೆ. ನಾನೊಬ್ಬಳೇ ಮಾತಾಡಿದರೆ ಅದು ನೋಟಿಸು ಓದಿದ ಹಾಗಿರುತ್ತದೆ. ಕಷಾಯ ಕಾಯಿಸುವುದನ್ನು ನೀನು ತೋರಿಸು, ಯಾವಾಗ ಓಡಬೇಕು ಎನ್ನುವುದನ್ನು ನಾನು ಹೇಳುತ್ತೇನೆ ಎಂದು ಬರೆಯಲು ಕೂತೆ. ಬರೆದ ಮೇಲೆ ಅನ್ನಿಸಿತು, ಇದೂ ನೆಪವೇ. ನೆಪ ಯಾಕೆ?

ಬಾ. ನಿನ್ನ ಮೊಮ್ಮಗುವನ್ನು ನೋಡಲು ಬಾ. ನಿನ್ನ ಮಗಳ ಕೈ ಅಡುಗೆ ಉಣ್ಣಲು ಬಾ. ನನ್ನ ಜೊತೆ ಜಗಳವಾಡಲು ಬಾ. ಬೇಕಾದಷ್ಟು ದಿನ ಇರು.

ಅಕ್ಕ


ಬೇಕರಿ,
ಫೆಬ್ರವರಿ 16

ಅಕ್ಕಾ,

ಪತ್ರ ಬೆಳಿಗ್ಗೆ ಬಂತು. ನಾನು ಓದಿ ಮುಗಿಸುವಷ್ಟರಲ್ಲಿ ನಮ್ಮವರು ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದರು. ನಾನಿನ್ನೂ ಏನೂ ಹೇಳಿರಲಿಲ್ಲ! "ನಿಮಗೆ ಹೆಂಗೆ ಗೊತ್ತಾಯ್ತು?" ಅಂದೆ. "ನಿನ್ನ ಮುಖ ನೋಡ್ದೆ" ಅಂದರು. "ಒಲೆ?" ಅಂದೆ. "ಮೂವತ್ತು ವರ್ಷದಿಂದ ಒಲೆ ಉರಿಸ್ತಿರೋದು ಯಾರು? ನೀನು ಗಲ್ಲಾದಲ್ಲಿ ಕೂತು ಮಾತಾಡ್ತೀಯಾ ಅಷ್ಟೇ. ಹೋಗು, ಒಂದು ತಿಂಗಳು ನೆಮ್ಮದಿಯಾಗಿ ಬ್ರೆಡ್ ಸುಡ್ತೀನಿ" ಅಂದರು. ಈ ಮಾತಿಗೆ ವಾಪಸ್ ಬಂದ ಮೇಲೆ ಅವರಿಗೆ ತಕ್ಕ ಉತ್ತರ ಕೊಡುತ್ತೇನೆ.

ಶನಿವಾರ ಹನ್ನೊಂದು ಗಂಟೆಯ ಗಾಡಿಗೆ ಬರುತ್ತೇನೆ. ಹಗುರವಾಗಿಯೇ ಬರುತ್ತೇನೆ, ಎರಡೇ ಚೀಲ. ಒಂದರಲ್ಲಿ ಬಟ್ಟೆ, ಇನ್ನೊಂದನ್ನು ಕೇಳಬೇಡ. ಡಾಕ್ಟರನ್ನು ಕೇಳಿಯೇ ಹೊರಟಿದ್ದೇನೆ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದರು. ನೀನು ಮೊದಲು ಕೇಳುವುದೇ ಅದನ್ನಲ್ಲವೇ?

ಮಗಳಿಗೆ ಹೇಳಬೇಡ. ಅಳಿಯಂದಿರಿಗೂ ಬೇಡ. ಗುಬ್ಬಿಗಂತೂ ಬೇಡವೇ ಬೇಡ, ಅವಳ ಬಾಯಲ್ಲಿ ನಿಂತದ್ದು ನಿನ್ನ ಶೀತವೊಂದೇ. ಸ್ಟೇಷನ್ನಿಗೆ ಪಾಪುವನ್ನು ಎತ್ತಿಕೊಂಡು ನೀನೊಬ್ಬಳೇ ಬಾ. ಗೇಟಿನ ಹತ್ತಿರ ನಿಲ್ಲಬೇಡ, ಪ್ಲಾಟ್‌ಫಾರಂ ಒಳಗೇ ಬಾ. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ನಿಮ್ಮಿಬ್ಬರನ್ನೂ ನೋಡಬೇಕು ನನಗೆ.

ಅದು ನನ್ನನ್ನು ಗುರುತು ಹಿಡಿಯದೆ ಅತ್ತರೆ ನೀನು ಸಮಾಧಾನ ಮಾಡಬೇಡ. ಕೊಟ್ಟುಬಿಡು, ಅಳಲಿ. ನಾನೂ ಅಳುತ್ತಿರುತ್ತೇನೆ, ಇಬ್ಬರೂ ಒಟ್ಟಿಗೇ ಸುಮ್ಮನಾಗುತ್ತೇವೆ.

ತಂಗಿ